ಮೋವಾಬ್: ಹಗಲು ಬಂಡೆಯ ಮೇಲೆ ಸೈಕಲ್ಲು, ರಾತ್ರಿ ಬಯಲಲ್ಲಿ ಡೇರೆ

ಅಮೆರಿಕದ ಯೂಟಾ ರಾಜ್ಯದ ಪೂರ್ವ ಭಾಗದಲ್ಲಿ, ಕೊಲರಾಡೊ ನದಿಯ ದಡದಲ್ಲಿರುವ ಮೋವಾಬ್, ಮೌಂಟನ್ ಬೈಕಿನ ಹುಚ್ಚಿರುವವರೆಲ್ಲ ಒಮ್ಮೆಯಾದರೂ ಹೋಗಬೇಕೆಂದುಕೊಳ್ಳುವ ಊರು. 2020ರ ಜನಗಣತಿಯಲ್ಲಿ ಇಲ್ಲಿ ಎಣಿಕೆಗೆ ಸಿಕ್ಕವರು 5,366 ಮಂದಿ. ಆದರೆ ಮಾರ್ಚ್ ಮಧ್ಯದಿಂದ ಮೇವರೆಗೆ, ಮತ್ತೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ, ಶುಕ್ರವಾರ ಸಂಜೆಯಾದರೆ ಸಾಕು, ಬೆನ್ನಿಗೆ ಸೈಕಲ್ಲು ಕಟ್ಟಿಕೊಂಡ ಕಾರುಗಳು ಊರಿನ ಮುಖ್ಯ ರಸ್ತೆಯನ್ನು ತುಂಬಿಬಿಡುತ್ತವೆ. ಸಾಲ್ಟ್ ಲೇಕ್ ಸಿಟಿಯಿಂದ ಇಲ್ಲಿಗೆ ಸುಮಾರು 375 ಕಿ.ಮೀ., ಡೆನ್ವರಿನಿಂದ 570. ಆ ನಗರಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ತಾಯ್ನಾಡಿನಿಂದ ಗೆಳೆಯರು ಬಂದರೆ, ಹಗಲು ಸೈಕಲ್ಲು ತುಳಿದು ರಾತ್ರಿ ಡೇರೆಯಲ್ಲಿ ಮಲಗುವ ಎರಡು ದಿನದ ಪ್ರವಾಸಕ್ಕೆ ಕೈಗೆಟಕುವ ದೂರವಿದು. ಆದರೆ ಇದು ಮರುಭೂಮಿ. ವರ್ಷಕ್ಕೆ ಬೀಳುವ ಮಳೆ 230 ಮಿ.ಮೀ. ಆಸುಪಾಸು, ನಮ್ಮ ಚಳ್ಳಕೆರೆಯಂಥ ಒಣ ಸೀಮೆಯಲ್ಲೂ ಇದರ ಸುಮಾರು ಎರಡರಷ್ಟು ಬೀಳುತ್ತದೆ. ಹೀಗಾಗಿ ಇಲ್ಲಿ ಪ್ರವಾಸ ಚೆನ್ನಾಗಿ ಆಗುವುದೂ ಕೆಡುವುದೂ ಕಾಲಿನ ಕಸುವಿನಿಂದಲ್ಲ. ಎಷ್ಟು ನೀರು ಹೊತ್ತೊಯ್ದರು, ಬಳಗದಲ್ಲಿ ಎಲ್ಲರಿಗಿಂತ ನಿಧಾನದವರನ್ನು ನೋಡಿಕೊಂಡು ದಾರಿ ಆರಿಸಿದರೇ ಎಂಬ ಎರಡೇ ಲೆಕ್ಕ.

ಈ ನೆಲ ಸೈಕಲ್ಲಿಗೆ ಒಗ್ಗಿದ್ದಕ್ಕೆ ಕಾರಣ ಅಲ್ಲಿನ ಮರಳುಗಲ್ಲು. ಸುಮಾರು 19 ಕೋಟಿ ವರ್ಷಗಳ ಹಿಂದೆ ಇಲ್ಲಿ ವಿಶಾಲವಾದ ಮರಳುಗಾಡು ಹರಡಿತ್ತು. ಗಾಳಿ ಪೇರಿಸಿದ ಮರಳ ದಿಬ್ಬಗಳು ಮೇಲೆ ಬಿದ್ದ ಪದರಗಳ ಭಾರಕ್ಕೆ ಅದುಮಿಕೊಂಡು, ಖನಿಜಗಳ ಬೆಸುಗೆಯಿಂದ ಗಟ್ಟಿಯಾಗಿ ಕಲ್ಲಾದವು. ಇದನ್ನು ಭೂವಿಜ್ಞಾನಿಗಳು ನವಾಹೊ ಮರಳುಗಲ್ಲು ಎಂದು ಕರೆಯುತ್ತಾರೆ. ಮೇಲಿನ ಪದರಗಳು ಸವೆದುಹೋದ ಮೇಲೆ ಹಳೆಯ ದಿಬ್ಬಗಳ ಸಾಲು ಮತ್ತೆ ಹೊರಬಿತ್ತು: ಬೋಳು, ದುಂಡು, ಅಲೆ ಅಲೆಯಾದ ಬಂಡೆ. ಅದರೊಳಗಿನ ಕಬ್ಬಿಣದ ಆಕ್ಸೈಡಿನಿಂದ ಕೆಂಪು, ಕಿತ್ತಳೆ ಬಣ್ಣ. ಹಿಂದೆ ಲಾಳ ಹೊಡೆದ ಕುದುರೆಗಳು, ಕಬ್ಬಿಣದ ಪಟ್ಟಿ ಬಿಗಿದ ಗಾಡಿಯ ಚಕ್ರಗಳು ಈ ಬಂಡೆಗಳ ಮೇಲೆ ಜಾರುತ್ತಿದ್ದವು. ರಬ್ಬರಿಗೆ ಮಾತ್ರ ಇದು ಉಪ್ಪುಕಾಗದವಿದ್ದ ಹಾಗೆ; ಒರಟು ಮರಳ ಕಾಳುಗಳನ್ನು ಟೈರು ಕಚ್ಚಿ ಹಿಡಿಯುತ್ತದೆ. ಮಣ್ಣಿನ ಗುಡ್ಡದಲ್ಲಿ ಚಕ್ರ ಜಾರಿಬಿಡುವಷ್ಟು ಕಡಿದಾದ ಏರನ್ನೂ ಇಲ್ಲಿ ತುಳಿದುಕೊಂಡೇ ಹತ್ತಬಹುದು. ಈ ಹಿಡಿತ ಕೈಕೊಡುವುದು ಬಂಡೆಯ ತಗ್ಗಿನಲ್ಲಿ ಉದುರು ಮರಳು ಕೂತಿರುವ ಕಡೆ. ಬಿದ್ದವರಲ್ಲಿ ಹೆಚ್ಚಿನವರು ಬೀಳುವುದು ಏರಿನಲ್ಲೂ ಅಲ್ಲ, ಇಳಿಜಾರಿನಲ್ಲೂ ಅಲ್ಲ, ಇಂಥ ತಗ್ಗಿನ ತಿರುವಿನಲ್ಲಿ.

ದಾರಿಗಳ ಕಥೆ ಬೇರೆಯೇ. ಇವುಗಳಲ್ಲಿ ಅನೇಕವನ್ನು ಮಾಡಿದ್ದು ಸೈಕಲ್ಲಿನವರಲ್ಲ, ಯುರೇನಿಯಂ ಹುಡುಕಿ ಬಂದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಣುಬಾಂಬಿನ ಪೈಪೋಟಿ ಶುರುವಾಗಿ, ಅಮೆರಿಕದ ಪರಮಾಣು ಶಕ್ತಿ ಆಯೋಗ ದೇಶದೊಳಗಿನ ಯುರೇನಿಯಂ ಅದಿರಿಗೆ ಖಾತರಿ ಬೆಲೆ ಕೊಡತೊಡಗಿತು. 1952ರ ಜುಲೈಯಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿ, ಸಾಲ ಮಾಡಿ ತಂದ ಕೊರೆಯುವ ಯಂತ್ರದಿಂದ, ಮೋವಾಬ್‌ನ ಆಗ್ನೇಯದ ಲಿಸ್ಬನ್ ಕಣಿವೆಯಲ್ಲಿ ಭಾರಿ ನಿಕ್ಷೇಪವನ್ನು ಪತ್ತೆ ಹಚ್ಚಿದ. ಆತ ಆ ಗಣಿಗೆ 'ಮಿ ವಿಡಾ' ಎಂದು ಹೆಸರಿಟ್ಟ. ಊರಿನ ಪಕ್ಕದ ಗುಡ್ಡದ ಮೇಲೆ ದೊಡ್ಡ ಮನೆ ಕಟ್ಟಿಸಿದ. ಒಂದೂಕಾಲು ಸಾವಿರದಷ್ಟು ಜನರಿದ್ದ ಊರು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಬೆಳೆಯಿತು. 1956ರಲ್ಲಿ ನದಿಯ ಬದಿಯಲ್ಲೇ ಅದಿರು ಸಂಸ್ಕರಿಸುವ ಕಾರ್ಖಾನೆ ಬಂತು. ಬಂಡೆಗೋಡೆಗಳ ನಡುವೆ, ಕಣಿವೆಯ ಅಂಚಿನಲ್ಲಿ, ಕುರಿ ದನಗಳಷ್ಟೇ ಓಡಾಡುತ್ತಿದ್ದ ಜಾಡುಗಳನ್ನು ಬುಲ್ಡೋಜರಿನಿಂದ ಅಗಲಿಸಿ ಲಾರಿ ಹೋಗುವ ರಸ್ತೆಗಳನ್ನು ಮಾಡಿದರು.

1980ರ ದಶಕದ ಆರಂಭಕ್ಕೆ ಬೇಡಿಕೆ ಕುಸಿಯಿತು, 1984ರಲ್ಲಿ ಕಾರ್ಖಾನೆ ಮುಚ್ಚಿತು. ಹೋಗುವಾಗ ಅದು ನದಿಯ ದಂಡೆಯಲ್ಲಿ ಸುಮಾರು 1.6 ಕೋಟಿ ಟನ್ ವಿಕಿರಣಶೀಲ ತ್ಯಾಜ್ಯದ ಗುಡ್ಡೆ ಬಿಟ್ಟುಹೋಯಿತು. ಅದನ್ನು ರೈಲಿನಲ್ಲಿ ತುಂಬಿ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದ ಕ್ರೆಸೆಂಟ್ ಜಂಕ್ಷನ್‌ಗೆ ಸಾಗಿಸುವ ಕೆಲಸ ಆರಂಭವಾದದ್ದು 2009ರಲ್ಲಿ. ಗಣಿ ನಿಂತು ಊರು ಬರಿದಾಗುತ್ತಿದ್ದ ಹೊತ್ತಿನಲ್ಲೇ, 1983ರಲ್ಲಿ, ಗಣಿ ಕೆಲಸ ಕಳೆದುಕೊಂಡಿದ್ದ ರಾಬಿನ್ ಮತ್ತು ಬಿಲ್ ಗ್ರೋಫ್ ಎಂಬ ಅಣ್ಣತಮ್ಮಂದಿರು 'ರಿಮ್ ಸೈಕ್ಲರಿ' ಎಂಬ ಸೈಕಲ್ ಅಂಗಡಿ ತೆರೆದರು. ಆಗ ಅದನ್ನು ನೋಡಿದವರಿಗೆ ನಗು ಬಂದಿದ್ದರೆ ಆಶ್ಚರ್ಯವಿಲ್ಲ. ಊರಿನ ಹಣೆಬರಹ ತಿದ್ದಿದ ಅಂಗಡಿ ಎಂದು ಈಗ ಅದರ ಹೆಸರು ಹೇಳುತ್ತಾರೆ.

ಗ್ರೋಫ್ ಸೋದರರು ಮಾರಲು ಹೊರಟ ಸೈಕಲ್ಲು ಆಗಿನ್ನೂ ಎಳೆಯದು. ಅದು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. ಅಲ್ಲಿನ ಹುಡುಗರು ಎರಡನೇ ಮಹಾಯುದ್ಧಕ್ಕೂ ಹಿಂದಿನ, ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು ಬೆಟ್ಟದ ಮಣ್ಣುರಸ್ತೆಯಲ್ಲಿ ಇಳಿಬಿಡುತ್ತಿದ್ದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿ ಅವರು ನಡೆಸಿದ ಮೊದಲ ಸ್ಪರ್ಧೆಗೆ 'ರೀಪ್ಯಾಕ್' ಎಂದು ಹೆಸರು ನಿಂತಿತು. ಕಾರಣ ಸರಳ: ಆ ಸೈಕಲ್ಲುಗಳ ಬ್ರೇಕು ಹಿಂಚಕ್ರದ ಗುಂಭದೊಳಗಿತ್ತು, ಒಂದು ಇಳಿತಕ್ಕೇ ಒಳಗಿನ ಗ್ರೀಸು ಬೆಂದು ಹೊಗೆಯಾಗುತ್ತಿತ್ತು, ಪ್ರತಿ ಸಲವೂ ಬಿಚ್ಚಿ ಹೊಸದಾಗಿ ತುಂಬಬೇಕಿತ್ತು. ಮುಂದಿನ ವರ್ಷ ಜೋ ಬ್ರೀಜ್ ಬೆಟ್ಟಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. 1979ರಲ್ಲಿ ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ ಇಬ್ಬರೂ ಟಾಮ್ ರಿಚಿಯ ಚೌಕಟ್ಟುಗಳನ್ನಿಟ್ಟುಕೊಂಡು ಮಾರಾಟಕ್ಕಿಳಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಕಾರ್ಖಾನೆಯಿಂದ ರಾಶಿಯಾಗಿ ಹೊರಬಂತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ, ಇದು ಪದಕದ ಕ್ರೀಡೆಯಾಗಿತ್ತು.

ಮೋವಾಬ್ ಹೆಸರು ಹೊರಗೆ ಹರಡಿದ್ದು ಮುಖ್ಯವಾಗಿ ಸ್ಲಿಕ್‌ರಾಕ್ ಎಂಬ ದಾರಿಯಿಂದ. ಇದನ್ನೂ ಸೈಕಲ್ಲಿನವರು ಮಾಡಲಿಲ್ಲ. 1969ರಲ್ಲಿ ಮೋಟಾರ್‌ಸೈಕಲ್ಲಿನವರು ಬಂಡೆಯ ಮೇಲೆ ಬಿಳಿ ಗೆರೆ ಎಳೆದು ಗುರುತು ಮಾಡಿದ್ದು. ಸುಮಾರು 17 ಕಿ.ಮೀ. ಸುತ್ತು, ರಸ್ತೆಯೇ ಇಲ್ಲ, ಬರೀ ಬಂಡೆ. ಗೆರೆ ಬಿಟ್ಟರೆ ದಿಕ್ಕು ತಪ್ಪುತ್ತದೆ, ಕೆಲವೆಡೆ ಪ್ರಪಾತದ ಅಂಚೂ ಸಿಗುತ್ತದೆ. ಈ ದಾರಿಯಿರುವ ಸ್ಯಾಂಡ್ ಫ್ಲಾಟ್ಸ್ ಪ್ರದೇಶಕ್ಕೆ 1990ರ ಸುಮಾರಿಗೆ ಜನ ಎಷ್ಟು ನುಗ್ಗಿದರೆಂದರೆ, ಕಂಡಕಂಡಲ್ಲಿ ಡೇರೆ ಹೊಡೆದು, ಬೆಂಕಿಗಾಗಿ ಜುನಿಪರ್ ಮರಗಳನ್ನು ಕಡಿದು ನೆಲವನ್ನು ಹಾಳುಗೆಡವಿದರು. ಆ ದಶಕದ ಮಧ್ಯದಲ್ಲಿ ಕೌಂಟಿ ಆಡಳಿತವೂ ಕೇಂದ್ರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಸಂಸ್ಥೆಯೂ ಜೊತೆಗೂಡಿ ಶುಲ್ಕ ಇಟ್ಟು, ಡೇರೆಯ ಜಾಗಗಳನ್ನು ಗುರುತಿಸಿ, ಶೌಚಾಲಯ ಕಟ್ಟಿಸಿದ ಮೇಲೆ ಅದು ಹತೋಟಿಗೆ ಬಂತು. ಇಂದು ಅಲ್ಲಿ ನೂರಕ್ಕೂ ಹೆಚ್ಚು ಜಾಗಗಳಿವೆ. ನೀರಿನ ನಲ್ಲಿ ಮಾತ್ರ ಒಂದೂ ಇಲ್ಲ.

ತಾಯ್ನಾಡಿನಿಂದ ಬರುವವರು ಸೈಕಲ್ಲು ತರಬೇಕಾಗಿಲ್ಲ. ಮೋವಾಬ್‌ನ ಅಂಗಡಿಗಳಲ್ಲಿ ದಿನಬಾಡಿಗೆಗೆ ಒಳ್ಳೆಯ ಸೈಕಲ್ಲು ಸಿಗುತ್ತದೆ, ಹೆಲ್ಮೆಟ್ಟೂ ಜೊತೆಗೆ ಕೊಡುತ್ತಾರೆ. ಮುಂಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವುದು ಒಂದು ಬಗೆ, ಎರಡೂ ಚಕ್ರಕ್ಕಿರುವುದು ಇನ್ನೊಂದು. ಹಗುರ, ಅಗ್ಗ ಎಂದು ಮೊದಲನೆಯದನ್ನು ಆರಿಸುವ ಆಸೆಯಾಗುವುದು ಸಹಜ. ಆದರೆ ಮೆಟ್ಟಿಲು ಮೆಟ್ಟಿಲಾದ ಈ ಬಂಡೆಗಳ ಮೇಲೆ ಹೊಸಬರ ಬೆನ್ನು, ಮಣಿಕಟ್ಟು ಉಳಿಯುವುದು ಎರಡನೆಯದರಲ್ಲೇ. ಗಿಯರಿನ ಬಗ್ಗೆ ಹೆದರಬೇಕಾಗಿಲ್ಲ. ಈಗಿನ ಸೈಕಲ್ಲುಗಳಲ್ಲಿ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೆರಡು. ಬಲಗೈ ಹೆಬ್ಬೆರಳೊಂದೇ ಕೆಲಸ ಮಾಡುತ್ತದೆ. ಕಲಿಯಬೇಕಾದದ್ದು ಬ್ರೇಕು. ಡಿಸ್ಕ್ ಬ್ರೇಕು ಒಂದೇ ಬೆರಳಿಗೆ ಜಗ್ಗಿ ನಿಲ್ಲಿಸುವಷ್ಟು ಚುರುಕು. ಇಳಿಜಾರಿನಲ್ಲಿ ಮುಂದಿನದನ್ನು ಗಟ್ಟಿಯಾಗಿ ಹಿಡಿದರೆ ಸವಾರ ಹ್ಯಾಂಡಲಿನ ಮೇಲಿನಿಂದ ಹಾರುತ್ತಾನೆ. ಹ್ಯಾಂಡಲಿನ ಒಂದು ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುವ ವ್ಯವಸ್ಥೆ ಈಗ ಸಾಮಾನ್ಯ; ಇಳಿಯುವಾಗ ಸೀಟನ್ನು ತಗ್ಗಿಸಿ, ಮೊಣಕಾಲು ಮಡಿಸಿ, ಮೈಯನ್ನು ಹಿಂದಕ್ಕೆ ಜರುಗಿಸಿ, ಕಣ್ಣನ್ನು ಚಕ್ರದ ಮುಂದಲ್ಲ, ಹತ್ತು ಮೀಟರ್ ಆಚೆ ಇಟ್ಟರೆ ಅರ್ಧ ಕಲಿತ ಹಾಗೆ. ಏರುವಾಗ ಇದಕ್ಕೆ ತಿರುವುಮುರುವು: ಸೀಟಿನ ಮೂತಿಯ ಮೇಲೆ ಕೂತು ಎದೆಯನ್ನು ಬಾಗಿಸದಿದ್ದರೆ ಮುಂಚಕ್ರ ನೆಲ ಬಿಟ್ಟು ಮೇಲೇಳುತ್ತದೆ.

ಟೈರಿನ ಶತ್ರು ಇಲ್ಲಿ ನಮಗೆ ಪರಿಚಿತವೇ. ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳು ಹಳೆಯ ಜಗತ್ತಿನಿಂದ ಅಮೆರಿಕಕ್ಕೆ ಹೋಗಿ ಅಲ್ಲಿನ ಒಣಭೂಮಿಯಲ್ಲೆಲ್ಲ ಬೇರೂರಿದೆ. ಬದಲಿಗೆ ಅಮೆರಿಕದ ಪಾಪಾಸುಕಳ್ಳಿ ನಮ್ಮಲ್ಲಿ ಬಂದು ಬೇಲಿಯಾಗಿದೆ. ಮೋವಾಬ್‌ನ ಬಂಡೆ ಸಂದುಗಳಲ್ಲಿ ಅದೇ ಕುಲದ ಕಳ್ಳಿ ಹೂ ಬಿಟ್ಟು ನಿಂತಿರುತ್ತದೆ. ಈ ಎರಡೂ ಮುಳ್ಳುಗಳಿಗೆ ಮದ್ದಾಗಿ ಈಗ ಟ್ಯೂಬಿಲ್ಲದ ಟೈರಿನೊಳಗೆ ಅಂಟುದ್ರವ ಸುರಿದಿರುತ್ತಾರೆ. ಮುಳ್ಳು ಚುಚ್ಚಿದ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಬಂಡೆಯ ಅಂಚು ಕೊಯ್ದ ಉದ್ದ ಗಾಯಕ್ಕೆ ಅದು ಸಾಲದು, ಒಂದು ಟ್ಯೂಬು, ಪಂಪು, ಚೈನಿನ ಬಿಡಿ ಕೊಂಡಿ ಚೀಲದಲ್ಲಿ ಇರಲೇಬೇಕು.

ಅತಿಥಿಗಳಿಗೆ ದಾರಿ ಆರಿಸುವುದು ಈ ಪ್ರವಾಸದ ಅತಿ ಸೂಕ್ಷ್ಮ ಭಾಗ. ಇಲ್ಲಿನ ದಾರಿಗಳಿಗೆ ಹಿಮದಲ್ಲಿ ಜಾರುವ ಸ್ಕೀ ಇಳಿಜಾರುಗಳಿಂದ ಬಂದ ಗುರುತುಗಳಿವೆ: ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಠಿಣ, ಎರಡು ಕಪ್ಪು ವಜ್ರ ಬಲು ಕಠಿಣ. ಮೋವಾಬ್‌ನ ನೀಲಿ ಬೇರೆ ಊರುಗಳ ಕಪ್ಪಿಗೆ ಸಮ ಎಂಬ ಮಾತಿದೆ, ಅದನ್ನು ನಂಬಬಹುದು. ಆತಿಥೇಯರು ಸಾಮಾನ್ಯವಾಗಿ ಎಡವುವುದು, ತಮಗೆ ಖುಷಿ ಕೊಟ್ಟ ದಾರಿಯನ್ನೇ ತೋರಿಸುವ ಹುಮ್ಮಸ್ಸಿನಲ್ಲಿ. ದೂರದಿಂದ ಬಂದವರು ಸ್ಲಿಕ್‌ರಾಕನ್ನು ನೋಡದೆ ಹೋಗಬಾರದು ಎನ್ನುವ ವಾದವೂ ಇರುತ್ತದೆ. ಸ್ಲಿಕ್‌ರಾಕಿನ ಪಕ್ಕದಲ್ಲೇ ಸುಮಾರು 4 ಕಿ.ಮೀ. ಉದ್ದದ ಅಭ್ಯಾಸದ ಸುತ್ತು ಇದೆ. ಹೆಸರು ನೋಡಿ ಮೋಸಹೋಗಬಾರದು; ಅದು ಚಿಕ್ಕದೇ ಹೊರತು ಸುಲಭದ್ದಲ್ಲ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕ್ ಸುತ್ತಿದ, ನಂದಿಬೆಟ್ಟದ ಡಾಂಬರು ಹತ್ತಿದ ಅನುಭವ ಉಸಿರಿಗೆ ಒದಗೀತು, ಬಂಡೆಯ ಮೇಲಿನ ತೂಕದ ಆಟಕ್ಕೆ ಒದಗದು. ಇನ್ನೊಂದು ಸಂಗತಿಯನ್ನು ಜನ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಬೇಸಿಗೆಯ ಗಡಿಯಾರದಲ್ಲಿ ಯೂಟಾ ಭಾರತಕ್ಕಿಂತ ಹನ್ನೊಂದೂವರೆ ಗಂಟೆ ಹಿಂದಿದೆ. ವಿಮಾನ ಇಳಿದ ಮರುದಿನವೇ ಸೈಕಲ್ಲು ಹತ್ತಿಸಿದರೆ, ಮೈಗೆ ನಟ್ಟಿರುಳಾಗಿರುವ ಹೊತ್ತಿನಲ್ಲಿ ಅಂಚಿನ ದಾರಿಯಲ್ಲಿ ಸಮತೋಲ ಕಾಯಿರಿ ಎಂದಂತೆ. ನಾಲ್ಕೈದು ದಿನ ಬಿಟ್ಟು ಬರುವ ವಾರಾಂತ್ಯ ಮೇಲು.

ಮಿಶ್ರ ಬಳಗಕ್ಕೆ ಮೋವಾಬ್‌ನಿಂದ ಸುಮಾರು 50 ಕಿ.ಮೀ. ದೂರದ ಡೆಡ್ ಹಾರ್ಸ್ ಪಾಯಿಂಟ್ ರಾಜ್ಯ ಉದ್ಯಾನ ಒಳ್ಳೆಯ ಆರಂಭ. ಅಲ್ಲಿನ ಇಂಟ್ರೆಪಿಡ್ ಎಂಬ ದಾರಿಗಳ ಬಲೆ ಒಟ್ಟು 26 ಕಿ.ಮೀ. ಚಿಲ್ಲರೆ. ಸುತ್ತುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಸುಸ್ತಾದವರು ನಡುವೆಯೇ ತಿರುಗಬಹುದು, ಬಲವಿದ್ದವರು ಇನ್ನೊಂದು ಸುತ್ತು ಸೇರಿಸಿಕೊಳ್ಳಬಹುದು. ಜುನಿಪರ್, ಪಿನ್ಯನ್ ಮರಗಳ ನಡುವಿನ ಕಿರುದಾರಿ ಆಗಾಗ ಅಂಚಿಗೆ ಬಂದು ನಿಲ್ಲುತ್ತದೆ. 600 ಮೀಟರ್ ಕೆಳಗೆ ಕೊಲರಾಡೊ ನದಿ ಕುದುರೆಲಾಳದಂತೆ ಬಳಸಿ ಹರಿಯುವುದು ಕಾಣುತ್ತದೆ. ಇಲ್ಲಿ ಒಬ್ಬರು ಸೈಕಲ್ಲನ್ನು ತಳ್ಳಿಕೊಂಡು ನಡೆದರೂ ಉಳಿದವರ ದಿನ ಕೆಡುವುದಿಲ್ಲ. ಇದರ ಇನ್ನೊಂದು ತುದಿಯಲ್ಲಿರುವುದು 'ಹೋಲ್ ಎಂಚಿಲಾಡ'. ಲಾ ಸಾಲ್ ಪರ್ವತಗಳಲ್ಲಿ ಸುಮಾರು 3,400 ಮೀಟರ್ ಎತ್ತರದ ಬರೋ ಪಾಸ್‌ನಿಂದ ಹೊರಟು, ಆಸ್ಪೆನ್ ಕಾಡು, ಹುಲ್ಲುಗಾವಲು, ಬಂಡೆಯಂಚುಗಳನ್ನು ದಾಟಿ, ಎರಡು ಸಾವಿರಕ್ಕೂ ಹೆಚ್ಚು ಮೀಟರ್ ಇಳಿದು ನದಿಯ ದಡ ಮುಟ್ಟುತ್ತದೆ. ಬಹುತೇಕ ಇಳಿತವೇ ಎಂದು ಕೇಳಿದವರಿಗೆ ಸಲೀಸು ಅನಿಸುತ್ತದೆ. ಕೊನೆಯ ಭಾಗದ ಕಲ್ಲುಮೆಟ್ಟಿಲುಗಳು ನುರಿತವರ ಕೈಯನ್ನೂ ಜೋಮು ಹಿಡಿಸುತ್ತವೆ. ಸಂದರ್ಶಕ ಗೆಳೆಯರ ಪಟ್ಟಿಯಿಂದ ಇದನ್ನು ಹೊರಗಿಡುವುದೇ ಸರಿ.

ರಾಷ್ಟ್ರೀಯ ಉದ್ಯಾನಗಳ ನಿಯಮ ಬೇರೆ. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಎರಡರಲ್ಲೂ ಕಾಲುದಾರಿಗೆ ಸೈಕಲ್ಲು ಒಯ್ಯುವಂತಿಲ್ಲ, ರಸ್ತೆಯ ಮೇಲೆ ಮಾತ್ರ ಓಡಿಸಬಹುದು. 1950ರ ದಶಕದಲ್ಲಿ ಆರ್ಚಸ್‌ನಲ್ಲಿ ರೇಂಜರ್ ಆಗಿದ್ದ ಎಡ್ವರ್ಡ್ ಆಬಿ 1968ರ ತನ್ನ 'ಡೆಸರ್ಟ್ ಸಾಲಿಟೇರ್' ಪುಸ್ತಕದಲ್ಲಿ, ಉದ್ಯಾನಗಳಿಂದ ಕಾರುಗಳನ್ನು ಹೊರಗಟ್ಟಿ ಜನ ನಡೆದೋ ಕುದುರೆಯಲ್ಲೋ ಸೈಕಲ್ಲಿನಲ್ಲೋ ಬರಲಿ ಎಂದು ವಾದಿಸಿದ್ದ. ಕಾರುಗಳು ಹೋಗಲಿಲ್ಲ, ಸೈಕಲ್ಲಿಗೆ ಸಿಕ್ಕಿದ್ದು ಕಾರಿನ ರಸ್ತೆಯೇ.

ಬೇಸಿಗೆಯಲ್ಲಿ ಈ ಪ್ರವಾಸವನ್ನು ಯಾರೂ ಹಾಕಿಕೊಳ್ಳದಿರುವುದು ಒಳ್ಳೆಯದು. ಜುಲೈಯಲ್ಲಿ ಮಧ್ಯಾಹ್ನದ ಬಿಸಿ 37 ಡಿಗ್ರಿ ದಾಟುವುದು ಸಾಮಾನ್ಯ, ಬಂಡೆಯ ಬಿಸಿ ಅದಕ್ಕಿಂತ ಹೆಚ್ಚು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹಠಾತ್ ಗುಡುಗುಮಳೆಯೂ ಉಂಟು. ಎಲ್ಲೋ ಮೇಲೆ ಬಿದ್ದ ಮಳೆ, ಇಲ್ಲಿ ಬಿಸಿಲಿರುವಾಗಲೇ, ಒಣ ಹಳ್ಳದಲ್ಲಿ ಕೆಸರು ನೀರಿನ ಗೋಡೆಯಾಗಿ ನುಗ್ಗುತ್ತದೆ. ಹಾಗಾಗಿ ಹಳ್ಳದ ಪಾತ್ರದಲ್ಲಿ ಡೇರೆ ಹಾಕುವುದು ಎಂದೂ ಕೂಡದು. ವಸಂತದಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಹೋಗಬಹುದು. ಈಸ್ಟರ್‌ಗೆ ಮುಂಚಿನ ವಾರ ಊರಿನ ಕಡೆ ತಲೆ ಹಾಕದಿರುವುದು ಜಾಣತನ. 1967ರಿಂದ ನಡೆಯುತ್ತಿರುವ ಈಸ್ಟರ್ ಜೀಪ್ ಸಫಾರಿಗೆ ದೇಶದ ಜೀಪುಗಳೆಲ್ಲ ಆಗ ಅಲ್ಲೇ ಇರುತ್ತವೆ, ಡೇರೆಗೆ ಜಾಗ ಸಿಗುವುದಿಲ್ಲ.

ನೀರಿನ ಲೆಕ್ಕ ಹೀಗೆ. ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರ್ ಎಂದು ರಾಷ್ಟ್ರೀಯ ಉದ್ಯಾನಗಳ ಸಲಹೆ. ಐದು ಜನಕ್ಕೆ ಎರಡು ದಿನಕ್ಕೆ 40 ಲೀಟರ್. ಅಡುಗೆ, ಪಾತ್ರೆ, ಕೈಕಾಲು ಸೇರಿಸಿದರೆ 50. ತೂಕ 50 ಕಿಲೋ. ಡೆಡ್ ಹಾರ್ಸ್ ಪಾಯಿಂಟಿನಂಥ ವ್ಯವಸ್ಥಿತ ಉದ್ಯಾನಕ್ಕೂ ನೀರು ಬರುವುದು ಊರಿನಿಂದ ಟ್ಯಾಂಕರಿನಲ್ಲಿ. ಆದ್ದರಿಂದ ಮೋವಾಬ್ ಬಿಡುವ ಮುನ್ನವೇ ಕ್ಯಾನುಗಳನ್ನು ತುಂಬಿಕೊಳ್ಳಬೇಕು. ಸವಾರಿಯಲ್ಲಿ ಒಬ್ಬೊಬ್ಬರ ಬೆನ್ನಿಗೂ ಎರಡರಿಂದ ಮೂರು ಲೀಟರ್ ಹಿಡಿಯುವ ಚೀಲ, ಅದರ ಕೊಳವೆ ಬಾಯಿಯ ಹತ್ತಿರ. ಬಾಯಾರಿದ ಮೇಲೆ ಕುಡಿದರಾಯಿತು ಎನ್ನುವವರು ಒಣ ಗಾಳಿಯಲ್ಲಿ ಮೋಸಹೋಗುತ್ತಾರೆ, ಏಕೆಂದರೆ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ, ಎಷ್ಟು ಕಳೆದುಕೊಂಡರೆಂಬುದೇ ತಿಳಿಯದು. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುತ್ತಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಮಂಕು ಕವಿಯುವುದೂ ಉಂಟು. ಉಪ್ಪು ಒಳಗೆ ಹೋಗುತ್ತಿರಬೇಕು. ಈ ಒಂದು ವಿಷಯದಲ್ಲಿ ನಮ್ಮವರ ಉಪ್ಪಿನಕಾಯಿ ಡಬ್ಬಿಗೆ ಅಂಗಡಿಯ ಯಾವ ಪುಡಿಯೂ ಸಮವಲ್ಲ.

ಅಡುಗೆಯನ್ನೂ ನೀರೇ ನಿರ್ಧರಿಸುತ್ತದೆ. ಅನ್ನ, ಸಾರು ಎಂದರೆ ಬೇಯಿಸಲೂ ನೀರು, ತಳ ಹಿಡಿದ ಪಾತ್ರೆ ತಿಕ್ಕಲೂ ನೀರು. ಅವಲಕ್ಕಿ ಈ ಮರುಭೂಮಿಗೆ ಹೇಳಿ ಮಾಡಿಸಿದಂಥದ್ದು: ಒಂದು ಲೋಟ ನೀರು ಚಿಮುಕಿಸಿದರೆ ನೆನೆಯುತ್ತದೆ, ಒಲೆಯೂ ಬೇಡ. ಮನೆಯಲ್ಲೇ ಮಾಡಿ ತಂದ ಚಪಾತಿ, ಶೇಂಗಾ ಚಟ್ನಿಪುಡಿ, ಖರ್ಜೂರ ಎರಡು ದಿನ ಕೆಡುವುದಿಲ್ಲ. ಬೆಳಗಿನ ಕಾಫಿಗೆ ಚಿಕ್ಕ ಗ್ಯಾಸ್ ಸ್ಟೌ ಸಾಕು. ಸೌದೆ ಒಟ್ಟುವ ಆಸೆ ಬಿಡಬೇಕು. ಸುತ್ತ ಬಿದ್ದಿರುವ ಒಣ ಕಟ್ಟಿಗೆಯನ್ನು ಎತ್ತುವುದು ಇಲ್ಲಿ ನಿಷಿದ್ಧ. ರಾತ್ರಿ ತಿಂಡಿಯನ್ನು ಕಾರಿನಲ್ಲೋ ಗಟ್ಟಿ ಪೆಟ್ಟಿಗೆಯಲ್ಲೋ ಮುಚ್ಚಿಡಬೇಕು. ಇಲಿಗಳು ಸರಿಯೇ ಸರಿ, ರೇವನ್ ಎಂಬ ದೊಡ್ಡ ಕಾಗೆಗಳು ಚೀಲದ ಜಿಪ್ಪನ್ನೇ ಕೊಕ್ಕಿನಿಂದ ಎಳೆದು ತೆರೆಯುವಷ್ಟು ಕಿಲಾಡಿಗಳು.

ಬಂಡೆಯ ಮೇಲೆ ಗೂಟ ಇಳಿಯುವುದಿಲ್ಲವಾದ್ದರಿಂದ, ಕೋಲುಗಳ ಬಲದಲ್ಲೇ ನಿಲ್ಲುವ ಡೇರೆ ಬೇಕು. ಆದರೂ ಹಗ್ಗಗಳನ್ನು ಭಾರದ ಕಲ್ಲಿಗೆ ಬಿಗಿಯಬೇಕು. ಸಂಜೆಯ ಗಾಳಿ ಖಾಲಿ ಡೇರೆಯನ್ನು ಅನಾಯಾಸವಾಗಿ ಕಣಿವೆಗೆ ಎಸೆಯುತ್ತದೆ. ಬೆಳಗ್ಗೆ ಬೂಟು ಕೊಡವದೆ ಹಾಕಬಾರದು, ಚೇಳು ಇರಬಹುದು. ಶೌಚಾಲಯವಿಲ್ಲದ ಜಾಗದಲ್ಲಿ ಡೇರೆ ಹಾಕುವವರು ಸಾಗಿಸಬಹುದಾದ ಶೌಚಪೆಟ್ಟಿಗೆಯನ್ನೋ ಮುಚ್ಚುವ ಚೀಲಗಳನ್ನೋ ಒಯ್ದು, ಎಲ್ಲವನ್ನೂ ವಾಪಸು ಹೊತ್ತು ತರಬೇಕೆಂಬುದು ಮೋವಾಬ್ ಸುತ್ತಲಿನ ನಿಯಮ. ತಾಯ್ನಾಡಿನಿಂದ ಬಂದವರಿಗೆ ಇದನ್ನು ಶುಕ್ರವಾರವೇ ಹೇಳಿಬಿಟ್ಟರೆ ಶನಿವಾರದ ಮುಜುಗರ ತಪ್ಪುತ್ತದೆ. ಇಷ್ಟೆಲ್ಲ ತಾಪತ್ರಯಕ್ಕೆ ಪ್ರತಿಫಲ ಆಕಾಶ. ಕ್ಯಾನ್ಯನ್‌ಲ್ಯಾಂಡ್ಸ್‌ಗೆ 2015ರಲ್ಲಿ, ಡೆಡ್ ಹಾರ್ಸ್ ಪಾಯಿಂಟಿಗೆ 2016ರಲ್ಲಿ ಅಂತರರಾಷ್ಟ್ರೀಯ ಕತ್ತಲೆಯಾಕಾಶ ಉದ್ಯಾನದ ಮಾನ್ಯತೆ ಸಿಕ್ಕಿದೆ. ಚಂದ್ರನಿಲ್ಲದ ರಾತ್ರಿ ಆಕಾಶಗಂಗೆ ಬರಿಗಣ್ಣಿಗೆ ಈ ಅಂಚಿನಿಂದ ಆ ಅಂಚಿಗೆ ಕಾಣುತ್ತದೆ.

ದಾರಿಯ ಪಕ್ಕದ ಮಣ್ಣಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಂಡೆಗಳ ನಡುವೆ ಕಪ್ಪಗೆ, ಗಂಟುಗಂಟಾಗಿ ಕಾಣುವ ನೆಲ ಬರೀ ಮಣ್ಣಲ್ಲ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆ ಒಟ್ಟಾಗಿ ಕಟ್ಟಿಕೊಂಡ ಜೀವಂತ ಹೊದಿಕೆ. ಬ್ಯಾಕ್ಟೀರಿಯಾಗಳು ಬಿಡುವ ಅಂಟು ಎಳೆಗಳು ಮರಳಿನ ಕಾಳುಗಳನ್ನು ಹೆಣೆದು ಹಿಡಿಯುತ್ತವೆ, ಮಳೆಯ ತೇವವನ್ನು ಉಳಿಸುತ್ತವೆ, ಗಾಳಿಯ ಸಾರಜನಕವನ್ನು ಗಿಡಗಳಿಗೆ ಸಿಗುವಂತೆ ಮಾಡುತ್ತವೆ. ಮೋವಾಬ್‌ನಲ್ಲೇ ಇದ್ದು ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದ ವಿಜ್ಞಾನಿ ಜೇನ್ ಬೆಲ್ನಪ್. ಒಂದು ಹೆಜ್ಜೆ ತುಳಿದರೆ ಈ ಹೊದಿಕೆ ಪುಡಿಯಾಗುತ್ತದೆ. ಮೊದಲಿನಂತಾಗಲು ದಶಕಗಳು, ಕೆಲವೊಮ್ಮೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಸೈಕಲ್ಲಿನ ಗಾಲಿ ಹೆಜ್ಜೆಗಿಂತ ಕೆಟ್ಟದ್ದು, ಏಕೆಂದರೆ ಅದು ಬಿಡುವ ಗುರುತು ಒಂದೇ ಸಮನೆ ಸಾಗುವ ಕಾಲುವೆ. ಮುಂದಿನ ಮಳೆಯ ನೀರು ಅದರಲ್ಲೇ ಹರಿದು ಕೊರೆಯುತ್ತದೆ. ಎದುರಿನಿಂದ ಬರುವವರಿಗೆ ದಾರಿ ಬಿಡುವಾಗಲೂ ಆ ಮಣ್ಣಿಗೆ ಇಳಿಯದೆ ಬಂಡೆಯ ಮೇಲೋ ದಾರಿಯಲ್ಲೋ ಕಾಲೂರಿ ನಿಲ್ಲಬೇಕು. ನಡೆಯುವವರಿಗೆ, ಕುದುರೆಗೆ ಸೈಕಲ್ಲು ದಾರಿ ಬಿಡಬೇಕು, ಏರುತ್ತಿರುವವರಿಗೆ ಇಳಿಯುತ್ತಿರುವವರು ಬಿಡಬೇಕು ಎಂಬುದು ಎಲ್ಲೆಡೆಯ ಕ್ರಮ.

ಅಪಾಯದ ಮಾತು ಬಂದಾಗ ಈ ಸೀಮೆಯಲ್ಲಿ ಏರನ್ ರಾಲ್ಸ್ಟನ್ ಹೆಸರು ಬರದೆ ಇರುವುದಿಲ್ಲ. 2003ರ ಏಪ್ರಿಲಿನಲ್ಲಿ ಆತ ಮೌಂಟನ್ ಬೈಕ್ ತುಳಿದುಕೊಂಡು ಬಂದು, ಅದನ್ನು ಒಂದೆಡೆ ಕಟ್ಟಿ, ಬ್ಲೂಜಾನ್ ಕಣಿವೆಗೆ ಒಬ್ಬನೇ ಇಳಿದ. ಉರುಳಿದ ಬಂಡೆಯ ಅಡಿ ಬಲಗೈ ಸಿಕ್ಕಿಕೊಂಡಿತು. ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ತಿಳಿಸಿರಲಿಲ್ಲ, ಹಾಗಾಗಿ ಹುಡುಕುವವರಿಗೆ ದಿಕ್ಕಿರಲಿಲ್ಲ. ಐದು ದಿನ ಕಳೆದ ಮೇಲೆ ತಾನೇ ಕೈ ಕತ್ತರಿಸಿಕೊಂಡು ಹೊರಬಂದ. ಇದನ್ನೇ ಡ್ಯಾನಿ ಬಾಯ್ಲ್ 2010ರಲ್ಲಿ '127 ಅವರ್ಸ್' ಎಂಬ ಸಿನಿಮಾ ಮಾಡಿದ್ದು, ಸಂಗೀತ ಎ.ಆರ್. ರಹಮಾನ್ ಅವರದು. ಮೋವಾಬ್ ಊರು ದಾಟಿದರೆ ಮೊಬೈಲ್ ಸಿಗ್ನಲ್ ಬಹುಪಾಲು ಇರುವುದಿಲ್ಲ. ದಾರಿಯ ಹೆಸರು, ಮರಳುವ ಸಮಯ ಎರಡನ್ನೂ ಮನೆಯಲ್ಲೊಬ್ಬರಿಗೆ ಬರೆದುಕೊಟ್ಟು ಹೊರಡುವುದು, ದೂರದ ದಾರಿಗಾದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಬಾಡಿಗೆಗಾದರೂ ತರುವುದು ಬಿಡಬಾರದ ಎಚ್ಚರಿಕೆ.

ಸೋಮವಾರವೂ ರಜೆ ಸೇರಿ ವಾರಾಂತ್ಯ ಮೂರು ದಿನದ್ದಾದರೆ, ಬಳಗದ ಕಾಲು ಗಟ್ಟಿಯಿದ್ದರೆ, ವೈಟ್ ರಿಮ್ ರಸ್ತೆಯನ್ನು ಯೋಚಿಸಬಹುದು. ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನದ 'ಐಲ್ಯಾಂಡ್ ಇನ್ ದ ಸ್ಕೈ' ಎಂಬ ಎತ್ತರದ ಮೇಜುಗುಡ್ಡದ ಕೆಳಗೆ, ಸುಮಾರು 350 ಮೀಟರ್ ತಗ್ಗಿನಲ್ಲಿ, ಬಿಳಿ ಮರಳುಗಲ್ಲಿನ ಹಲಗೆಯೊಂದು ಗುಡ್ಡವನ್ನು ಸುತ್ತುವರಿದಿದೆ. ಈ ಕಲ್ಲಿಗೆ 27 ಕೋಟಿ ವರ್ಷದಷ್ಟು ವಯಸ್ಸು, ಮೇಲಿನ ಕೆಳಗಿನ ಮೆದು ಪದರಗಳಿಗಿಂತ ಗಟ್ಟಿ. ಅವು ಸವೆದಾಗ ಇದು ಹಾಗೇ ಉಳಿದು ಜಗಲಿಯಾಯಿತು. ಅದರ ಮೇಲೆ 1950ರ ದಶಕದಲ್ಲಿ ಪರಮಾಣು ಶಕ್ತಿ ಆಯೋಗ ರಸ್ತೆ ಮಾಡಿಸಿತು. ಮೇಲಿನ ಚಿನ್ಲೆ ಎಂಬ ಪದರದಲ್ಲಿ ಯುರೇನಿಯಂ ಸಿಗುವ ನಿರೀಕ್ಷೆಯಿತ್ತು, ಸಿಕ್ಕಿದ್ದು ಅತ್ಯಲ್ಪ. 1964ರಲ್ಲಿ ಉದ್ಯಾನ ಘೋಷಣೆಯಾದಾಗ ರಸ್ತೆ ಹಾಗೇ ಉಳಿದಿತ್ತು. ಒಟ್ಟು ಸುತ್ತು 160 ಕಿ.ಮೀ. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುವುದುಂಟು. ಉಳಿದವರು ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತಾರೆ, ಅದೇ ಮಜವೂ ಹೌದು.

ಇಲ್ಲಿ ತಾಂತ್ರಿಕ ಕಷ್ಟ ಕಡಿಮೆ, ದೂರವೇ ಕಷ್ಟ. ಶೇಫರ್ ಟ್ರೇಲ್ ಎಂಬ ಹಾವಿನಂಥ ತಿರುವುಗಳಲ್ಲಿ ಇಳಿದು, ಮಸಲ್‌ಮನ್ ಕಮಾನಿನ ಪಕ್ಕ ಹಾದು, ಮರ್ಫಿ ಹಾಗ್‌ಬ್ಯಾಕ್ ಏರಿನಲ್ಲಿ ಬಹುತೇಕ ಎಲ್ಲರೂ ಇಳಿದು ತಳ್ಳುತ್ತಾರೆ. ಹಿಂದಿನಿಂದ ನಾಲ್ಕೂ ಚಕ್ರ ಎಳೆಯುವ, ಎತ್ತರದ ವಾಹನವೊಂದು ನೀರು, ಡೇರೆ, ಅಡುಗೆ ಸಾಮಾನು ಹೊತ್ತು ಬರುತ್ತದೆ. ಸೈಕಲ್ಲು ಸಾಕೆನಿಸಿದವರು ಸರದಿಯ ಮೇಲೆ ಅದನ್ನು ಓಡಿಸಬಹುದಾದ್ದರಿಂದ, ಬೇರೆ ಬೇರೆ ಕಸುವಿನ ಗೆಳೆಯರಿಗೆ ಇದು ಸ್ಲಿಕ್‌ರಾಕಿಗಿಂತ ಒಗ್ಗುತ್ತದೆ. ಆದರೆ ಡ್ರೈವರ್‌ಗೆ ಅಂಚಿನ ಕಿರಿದಾರಿಯಲ್ಲಿ ಓಡಿಸಿ ಅಭ್ಯಾಸವಿರಬೇಕು, ಚಾರ್ಮಾಡಿ ಘಾಟಿಯ ಅನುಭವವೂ ಇಲ್ಲಿ ಅರ್ಧ ಪಾಠ ಮಾತ್ರ. ನಿಗದಿತ ಜಾಗಗಳಲ್ಲಿ ಮಾತ್ರ ತಂಗಬೇಕು, ಅದಕ್ಕೆ ಪರವಾನಗಿ ಬೇಕು. ವಸಂತ ಮತ್ತು ಶರತ್ತಿನ ವಾರಾಂತ್ಯಗಳು ತಿಂಗಳುಗಳ ಮೊದಲೇ ಭರ್ತಿಯಾಗುತ್ತವೆ. ಒಂದೇ ದಿನದಲ್ಲಿ ಹೋಗಿ ಬರುವವರಿಗೂ ಪರವಾನಗಿ ಕಡ್ಡಾಯ. ಶೌಚಾಲಯಗಳಿವೆ, ಕುಡಿಯುವ ನೀರಿಲ್ಲ, ನಾಯಿಯನ್ನು ಕರೆದೊಯ್ಯುವಂತಿಲ್ಲ.

ಕೊನೆಯ ದಿನ ಗ್ರೀನ್ ನದಿಯ ದಡದಲ್ಲಿ ಸಾಗಿ, ಮಿನರಲ್ ಬಾಟಮ್ ಎಂಬಲ್ಲಿ ಗೋಡೆಗೆ ಅಂಟಿದ ತಿರುವುಗಳನ್ನು ಹತ್ತಿ ಮೇಲೆ ಬರಬೇಕು. 2010ರ ಆಗಸ್ಟಿನ ಮಳೆ ಈ ತಿರುವುಗಳನ್ನು ಕೊಚ್ಚಿಹಾಕಿತ್ತು. ಸರಿಪಡಿಸಿ ತೆರೆದದ್ದು ಮರುವರ್ಷ. ವಸಂತದ ಕೊನೆಗೆ ಪರ್ವತದ ಹಿಮ ಕರಗಿ ನದಿ ಉಕ್ಕಿದರೆ ಪೊಟೇಟೊ ಬಾಟಮ್ ಬಳಿ ರಸ್ತೆ ನೀರಿನಡಿ ಹೋಗುವುದೂ ಉಂಟು, ಆಗ ಸುತ್ತು ಪೂರ್ತಿಯಾಗದೆ ಬಂದ ದಾರಿಯಲ್ಲೇ ತಿರುಗಬೇಕಾಗುತ್ತದೆ. ಪರವಾನಗಿ ಕೈಯಲ್ಲಿದ್ದರೂ ಹೊರಡುವ ಹಿಂದಿನ ದಿನ ಉದ್ಯಾನದ ಕಚೇರಿಗೆ ಫೋನ್ ಮಾಡಿ ರಸ್ತೆಯ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಅದಕ್ಕೇ.